ಅಕ್ಕನ ಮುಖಕ್ಕೆ ಅಂಟಿಸಿದ ಹಳದಿ ನಗು

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ಮೊದಲು ನನ್ನ ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. ಕಳೆದ ತಿಂಗಳ ಹನ್ನೊಂದನೇ ತಾರೀಖು ಬೆಳಗ್ಗೆ ಹತ್ತೂಕಾಲರ ಸುಮಾರಿಗೆ ತಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ನಾನು ಕಳ್ಳತನ ಮಾಡಿದೆ. ಕದ್ದ ಮಾಲು: ತಗಡಿನ ಫಲಕ ಒಂದು, ಉದ್ದ ಒಂದೂವರೆ ಅಡಿ, ಅಗಲ ಮುಕ್ಕಾಲು ಅಡಿ, ಬಿಳಿ ಬಣ್ಣದ ಮೇಲೆ ಕೆಂಪು ಅಕ್ಷರ. ‘ಇಲ್ಲಿ ಮೊಬೈಲ್ ಬಳಕೆ ಹಾಗೂ ಛಾಯಾಗ್ರಹಣವನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.’ ಶಸ್ತ್ರಚಿಕಿತ್ಸೆ ಮುಗಿದವರನ್ನು ಎಚ್ಚರವಾಗುವ ತನಕ ಮಲಗಿಸುವ ಕೋಣೆಯ ಬಾಗಿಲ ಮೇಲೆ ಅದು ಜೋತಾಡುತ್ತಿತ್ತು. ನಾಲ್ಕು ತಿರುಪುಗಳಲ್ಲಿ ಎರಡು ಆಗಲೇ ಉದುರಿದ್ದವು. ಉಳಿದೆರಡನ್ನು ಜೇಬಿನಲ್ಲಿದ್ದ ನಾಣ್ಯದಿಂದ ಬಿಚ್ಚಿದೆ. ತಮ್ಮ ಕಾವಲುಗಾರ ನೋಡುತ್ತಲೇ ಇದ್ದ.

“ಏನ್ ಸಾರ್, ರಿಪೇರಿನಾ?” ಅಂದ.

“ಹೌದಪ್ಪ, ಇದು ಕೆಲಸ ಮಾಡ್ತಾ ಇಲ್ಲ,” ಅಂದೆ.

“ಸ್ಕ್ರೂಡ್ರೈವರ್ ತಂದ್ಕೊಡ್ಲಾ?”

ಇಷ್ಟು ಸಹಕಾರ ಆ ಆಸ್ಪತ್ರೆಯಲ್ಲಿ ನನಗೆ ಬೇರೆ ಯಾವ ಕೆಲಸಕ್ಕೂ ಸಿಕ್ಕಿರಲಿಲ್ಲ. ಫಲಕ ಈಗ ನಮ್ಮ ಮನೆಯ ಬಚ್ಚಲಿನ ಬಾಗಿಲಿಗಿದೆ. ಅಲ್ಲಿ ಅದರ ಆಜ್ಞೆ ಚಾಚೂ ತಪ್ಪದೆ ಪಾಲನೆಯಾಗುತ್ತಿದೆ.

ಈಗ ದೂರಿಗೆ ಬರುತ್ತೇನೆ. ಅದೇ ಬಾಗಿಲ ಒಳಗೆ, ಪಿತ್ತಕೋಶದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಇನ್ನೂ ಪೂರ್ತಿ ಎಚ್ಚರವಾಗದೆ ಮಲಗಿದ್ದ ನನ್ನ ಅಕ್ಕನನ್ನು ತಮ್ಮ ಕಿರಿಯ ವೈದ್ಯರೊಬ್ಬರು ಮಾತಿಗೆಳೆದರು. ಆಕೆ ತೊದಲಿದ್ದನ್ನೆಲ್ಲ ಮೊಬೈಲಿನಲ್ಲಿ ಹಿಡಿದು, ಮುಖದ ಮೇಲೆ ಹಳದಿ ಬಣ್ಣದ ನಗುವ ಸ್ಮೈಲಿ ಅಂಟಿಸಿ, ಹಿಂದಿನಿಂದ ‘ಬೊಂಯ್ ಬೊಂಯ್’ ಎಂಬ ಸಂಗೀತ ಸೇರಿಸಿ, ಸಂಜೆಯೊಳಗೆ ಸಾಮಾಜಿಕ ಜಾಲತಾಣಕ್ಕೆ ಏರಿಸಿದರು. ಎರಡೂವರೆ ಲಕ್ಷ ಜನ ನೋಡಿದರು. ಹೊಟ್ಟೆ ಹುಣ್ಣಾಗುವಂತೆ ನಕ್ಕರಂತೆ. ಹೊಟ್ಟೆಯಲ್ಲಿ ನಿಜವಾಗಿಯೂ ಗಾಯವಿದ್ದವಳೊಬ್ಬಳು ಮಾತ್ರ ನಗಲಿಲ್ಲ. ಅರಿವಳಿಕೆ ಕೊಟ್ಟದ್ದು ಅಕ್ಕನಿಗೆ, ಅರಿವು ಅಳಿದದ್ದು ತಮ್ಮವರಿಗೆ. ಪಿತ್ತಕೋಶ ಕಳೆದುಕೊಂಡವಳು ಆಕೆ, ಪಿತ್ತ ನೆತ್ತಿಗೇರಿರುವುದು ನನಗೆ.

ನನ್ನ ಬಗ್ಗೆ ಎರಡು ಮಾತು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವನು. ಅಂದರೆ ಯಾರೂ ಕೇಳದ ಪ್ರಶ್ನೆಗೆ ಯಾರಿಗೂ ಬೇಡದ ಉತ್ತರ ಕೊಟ್ಟು ಸಂಬಳ ಪಡೆದವನು. ಬಿಡುವಿನಲ್ಲಿ ಪತ್ರಿಕೆಗಳಿಗೆ ನಗೆಬರಹ ಬರೆಯುತ್ತೇನೆ. ಸಹೋದ್ಯೋಗಿಗಳು, ನೆಂಟರು, ನನ್ನ ಬೋಳುತಲೆ, ಯಾರನ್ನೂ ಬಿಟ್ಟವನಲ್ಲ. ಆದರೆ ಒಂದು ಹೆಮ್ಮೆ ನನಗಿದೆ: ಹಾಸಿಗೆಯಲ್ಲಿ ಮಲಗಿದ ರೋಗಿಯನ್ನು ನೋಡಿ ಈ ಜನ್ಮದಲ್ಲಿ ನಕ್ಕವನಲ್ಲ. ತಮ್ಮ ವೈದ್ಯರ ಆ ಪುಟ ನನ್ನ ಕಣ್ಣಿಗೆ ಬಿದ್ದದ್ದೂ ಅಕ್ಕನ ವಿಡಿಯೋ ಬಂದಮೇಲೆಯೇ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ನೈತಿಕವಾಗಿ ತಮಗಿಂತ ಒಂದು ಮೆಟ್ಟಿಲು ಮೇಲೆ ನಿಂತು ಬರೆಯುತ್ತಿದ್ದೇನೆ.

ಅಕ್ಕ ದರ್ಜಿ. ಹೆಂಗಸರ ಬಟ್ಟೆ ಮಾತ್ರ ಹೊಲಿಯುತ್ತಾಳೆ. ಗಡಿಯಾರ ರಿಪೇರಿ ಅಂಗಡಿಗೂ ಪುಸ್ತಕದಂಗಡಿಗೂ ನಡುವೆ ಸಿಕ್ಕಿಕೊಂಡ ಒಂದೇ ಕೋಣೆ, ಎರಡು ಹೊಲಿಗೆ ಯಂತ್ರ, ಆಳೆತ್ತರದ ಕನ್ನಡಿ, ಒಂದು ಪರದೆ. ಬೇರೆ ಅಂಗಡಿಗಳಲ್ಲಿ ಒಬ್ಬ ಟೇಪು ಹಿಡಿದು ‘ಸೊಂಟ ನಲವತ್ತೆರಡು’ ಎಂದು ಕೂಗಿದರೆ, ಮೂಲೆಯಲ್ಲಿ ಕೂತ ಇನ್ನೊಬ್ಬ ಬರೆದುಕೊಳ್ಳುತ್ತಾನೆ. ಸರದಿಯಲ್ಲಿ ಕೂತವರೆಲ್ಲ ಕೇಳಿಸಿಕೊಳ್ಳುತ್ತಾರೆ. ಅಕ್ಕನ ಅಂಗಡಿಯಲ್ಲಿ ಅಳತೆಗೆ ಬಾಯಿಲ್ಲ. ಪರದೆ ಎಳೆದು, ತಾನೇ ಅಳೆದು, ತಾನೇ ಬರೆಯುತ್ತಾಳೆ. ಆಕೆಯ ಅಳತೆ ಪುಸ್ತಕದಲ್ಲಿ ಹೆಸರುಗಳೂ ಇಲ್ಲ. ಹೆಸರಿನ ಜಾಗದಲ್ಲಿ ಪ್ರತಿ ಪುಟದ ತಲೆಗೂ ಒಂದೊಂದು ಗುಂಡಿ ಹೊಲಿದಿರುತ್ತಾಳೆ. ಒಂದಕ್ಕೆ ಹಸಿರು ಗುಂಡಿ, ಒಂದಕ್ಕೆ ನಾಲ್ಕು ತೂತಿನ ಕಪ್ಪು ಗುಂಡಿ, ಒಂದಕ್ಕೆ ಹಳೆಯ ಕೋಟಿನ ಹಿತ್ತಾಳೆಯದು. ಯಾವ ಗುಂಡಿ ಯಾರದೆಂದು ಗೊತ್ತಿರುವುದು ಆಕೆಯ ತಲೆಗೆ ಮಾತ್ರ. ನಾನೊಮ್ಮೆ ಪುಸ್ತಕ ತಿರುವಿ, “ಅಕ್ಕಾ, ಈ ನಲವತ್ತೆಂಟು ಯಾರೇ?” ಎಂದು ಕೇಳಿ ಕತ್ತರಿಯ ಹಿಡಿಯಿಂದ ಮಂಡಿಗೆ ಪೆಟ್ಟು ತಿಂದಿದ್ದೇನೆ.

“ಅಳತೆ ಅವರದು ಕಣೋ. ನನ್ನ ಹತ್ರ ಇಟ್ಟು ಹೋಗಿರ್ತಾರೆ ಅಷ್ಟೆ,” ಅಂದಿದ್ದಳು.

ವೈದ್ಯಕೀಯ ಕಾಲೇಜುಗಳಲ್ಲಿ ಇದೇ ಮಾತನ್ನು ಐದು ವರ್ಷ ತೆಗೆದುಕೊಂಡು ಕಲಿಸುತ್ತಾರೆಂದು ಕೇಳಿದ್ದೇನೆ. ಅಕ್ಕ ಓದಿದ್ದು ಏಳನೇ ತರಗತಿ.

ವಿಡಿಯೋ ಐವತ್ತೆರಡು ಸೆಕೆಂಡಿನದು. ಪೂರ್ತಿ ಬರೆಯುವುದಿಲ್ಲ, ಬರೆದರೆ ನಾನೂ ಅದನ್ನು ಮತ್ತೊಮ್ಮೆ ಹಂಚಿದಂತಾಗುತ್ತದೆ. ತೆರೆದ ಬಾಗಿಲಿನ ಮೇಲೆ ಆ ಕೆಂಪಕ್ಷರದ ಫಲಕ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೆ ಯಾರೂ ಸ್ಮೈಲಿ ಹಚ್ಚಿಲ್ಲ. ಅಕ್ಕ ತಾನು ಅಂಗಡಿಯಲ್ಲಿದ್ದೇನೆಂದು ತಿಳಿದಿದ್ದಾಳೆ. ಹೊದಿಕೆಯ ಮೇಲೆ ಕೈಯಾಡಿಸುತ್ತ, “ಟೇಪ್ ಎಲ್ಲಿಟ್ಟೆ...” ಅನ್ನುತ್ತಾಳೆ. ತಮ್ಮ ವೈದ್ಯರ ದನಿ ಜೇನು ಸವರಿದಂತೆ ಬರುತ್ತದೆ: “ಟೇಪ್ ನನ್ನ ಹತ್ರ ಇದೆ ಅಮ್ಮಾ. ನೀವು ಅಳತೆ ಹೇಳ್ತಾ ಹೋಗಿ, ನಾನು ಬರ್ಕೋತೀನಿ. ಯಾರ್ದು ಮೊದಲು?”

ಆಕೆ ಹೇಳುತ್ತಾಳೆ. ಮೂವತ್ತೆರಡು ವರ್ಷ ಯಾರ ಮುಂದೆಯೂ ಹೇಳದವಳು, ಯಾರ ಸೊಂಟ ಎಷ್ಟು, ಯಾರ ಭುಜ ಏರುಪೇರು, ಎಲ್ಲ ಹೇಳುತ್ತಾಳೆ. ಗುಂಡಿಗಳೆಲ್ಲ ಉದುರಿ ಮನುಷ್ಯರು ಹೊರಬೀಳುತ್ತಾರೆ. ನಡುವೆ ನರ್ಸೊಬ್ಬರ ದನಿ ಕೇಳುತ್ತದೆ: “ಸಾಕು ಬಿಡಿ ಸಾರ್, ಪಾಪ.” ಆ ತಾಯಿ ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ತಮಗೆ ಹೇಳುತ್ತಿರಲಿಲ್ಲ. ವೈದ್ಯರ ಉತ್ತರ: “ಇರಿ ಸಿಸ್ಟರ್, ಈಗ ಮಜಾ ಬರ್ತಿದೆ. ಆಮೇಲೆ ಯಾರ್ದಮ್ಮಾ?”

ಆಮೇಲಿನವರು ನಮ್ಮೂರಿನ ಒಬ್ಬ ಹೆಣ್ಣುಮಗಳು. ಆಕೆಯನ್ನು ಇಲ್ಲಿ ಬ್ಯಾಂಕಿನ ಕ್ಯಾಷಿಯರ್ ಎಂದು ಕರೆಯುತ್ತೇನೆ. ಆಕೆ ಕ್ಯಾಷಿಯರ್ ಅಲ್ಲ. ಈ ಪತ್ರದಲ್ಲಿ ಅವರ ವಿಷಯ ಬರೆಯಲು ಅಕ್ಕನ ಮಗಳು ಹೋಗಿ ಒಪ್ಪಿಗೆ ಕೇಳಿ ಬಂದಿದ್ದಾಳೆ. ಗುರುತು ಮುಚ್ಚುವುದು ಎಷ್ಟು ಸುಲಭ ನೋಡಿ, ಸ್ವಾಮಿ. ಒಂದು ಪದ ಬದಲಾಯಿಸಬೇಕು, ಒಂದು ಮಾತು ಕೇಳಬೇಕು. ಹಳದಿ ಬಣ್ಣ ಬೇಕಾಗಿಲ್ಲ.

ಕ್ಯಾಷಿಯರ್ ವಿಷಯ ಬಂದಾಗ ಅಕ್ಕ ದನಿ ತಗ್ಗಿಸುತ್ತಾಳೆ. “ಅವರಿಗೆ ಒಂದು ಕಡೆ ಹತ್ತಿ ಇಟ್ಟು ಹೊಲೀಬೇಕು. ಎದೆ ಆಪರೇಷನ್ ಆಗಿ ತೆಗೆದಿದ್ದಾರೆ. ಮೆಲ್ಲಗೆ ಮಾತಾಡಿ. ಹೊರಗೆ ಜನ ಕೂತಿದ್ದಾರೆ.”

ಮತ್ತಿನಲ್ಲೂ ಆಕೆಗೆ ಪರದೆಯ ನೆನಪಿತ್ತು. ಹೊರಗೆ ಎರಡೂವರೆ ಲಕ್ಷ ಜನ ಕೂತಿದ್ದರು.

ಆ ಮಾತನ್ನು ಕತ್ತರಿಸಿ ತೆಗೆಯಲಿಲ್ಲ ತಮ್ಮ ವೈದ್ಯರು. ಅದರ ಮೇಲೆ ಇನ್ನೆರಡು ‘ಬೊಂಯ್’ ಹಾಕಿದರು. ವಿಡಿಯೋದ ತಲೆಬರಹ: ‘ನಮ್ಮ ಅಭಿಮಾನಿ ಕಿಸಕ್ ಅವರ ಕೋರಿಕೆಯ ಮೇರೆಗೆ!’

ಈ ಕಿಸಕ್ ಯಾರೆಂದು ತಿಳಿಯಲು ಪುಟವನ್ನು ಕೆಳಕ್ಕೆ ಸರಿಸಿದರೆ ಸಾಕು. ಅಕ್ಕನಿಗಿಂತ ಹಿಂದಿನ ವಾರದ ವಿಡಿಯೋದಲ್ಲಿ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ಅದೇ ಕೋಣೆಯಲ್ಲಿ, ಹೊದಿಕೆಯ ಅಂಚನ್ನು ಬಾವುಟ ಮಾಡಿಕೊಂಡು, “ಹೊರಡ್ಲಿ, ಹೊರಡ್ಲಿ” ಎಂದು ಗಾಡಿ ಬಿಡುತ್ತಿದ್ದಾರೆ. ಹೊದಿಕೆ ಮೇಲೆತ್ತಿದಾಗ ಕೆಳಗೆ ಏನು ಕಂಡಿತೆಂದು ನಾನು ಹೇಳಬೇಕಾಗಿಲ್ಲ; ಅಲ್ಲಿಗೂ ಒಂದು ಸ್ಮೈಲಿ. ಅದರ ಕೆಳಗೆ ಕಿಸಕ್ ಎಂಬ ಗುಪ್ತನಾಮದವನು ಬರೆದಿದ್ದಾನೆ: ‘ಭಲೇ ಡಾಕ್ಟ್ರೇ! ಗಂಡಸರ ಗಾಡಿ ಹೊರಟಿತು. ಮುಂದಿನ ಸಲ ಯಾವುದಾದರೂ ಬಾಯಿಬಡುಕಿ ಹೆಂಗಸನ್ನು ಹಿಡಿದು ಹಾಕಿ, ಪ್ಲೀಸ್.’ ಒಂಬೈನೂರು ಮಂದಿ ಅದನ್ನು ಮೆಚ್ಚಿದ್ದಾರೆ. ತಮ್ಮ ವೈದ್ಯರು ಎಲ್ಲರಿಗೂ ಕಾಣುವಂತೆ ಮೇಲಕ್ಕೆ ಏರಿಸಿ, ‘ಖಂಡಿತ ಸಾರ್’ ಎಂದು ಉತ್ತರಿಸಿದ್ದಾರೆ. ಪಿತ್ತಕೋಶದ ಹರಳಿಗೆಂದು ಬಂದವಳನ್ನು ಹೀಗೆ ಹರಾಜಿಗಿಟ್ಟರು. ಊಟದ ಹೋಟೆಲಿನಲ್ಲಿ ಗಿರಾಕಿ ಇಂಥದ್ದೇ ಬೇಕೆಂದು ಹೇಳುತ್ತಾನೆ, ಮಾಣಿ ತಂದಿಡುತ್ತಾನೆ. ಆಸ್ಪತ್ರೆ ಯಾವಾಗಿನಿಂದ ಹೋಟೆಲಾಯಿತು? ರೋಗಿ ಯಾವಾಗಿನಿಂದ ತಟ್ಟೆಗೆ ಬಂದರು?

ವಿಡಿಯೋ ನಮ್ಮ ಕೈಗೆ ಬಂದದ್ದು ಮೂರನೇ ದಿನ. ಅಕ್ಕನ ಮಗಳು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಶಿಕ್ಷಕರ ಕೊಠಡಿಯಲ್ಲಿ ಯಾರೋ ‘ಇದು ನೋಡೇ, ಬಿದ್ದು ಬಿದ್ದು ನಗ್ತೀಯ’ ಎಂದು ತೋರಿಸಿದ್ದಾರೆ. ಅದರಲ್ಲಿದ್ದ ಹೆಂಗಸಿನ ತೋರುಬೆರಳು, ಅಮ್ಮನದರಂತೆಯೇ, ಕತ್ತರಿ ಹಿಡಿದು ಹಿಡಿದು ಒಂದು ಕಡೆಗೆ ಬಾಗಿರುವುದು ಕಂಡಿತಂತೆ. ಸ್ಮೈಲಿ ಬೆರಳಿಗೆ ಇರಲಿಲ್ಲವಲ್ಲ. ಅವಳು ತರಗತಿ ಬಿಟ್ಟು ನೇರ ವಾರ್ಡಿಗೆ ಬಂದಳು. ಅಕ್ಕ ಆಗಷ್ಟೇ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ತೋರಿಸಬಾರದೆಂದು ನಾವಿಬ್ಬರೂ ಕಣ್ಣಲ್ಲೇ ಮಾತಾಡಿಕೊಂಡೆವು. ಅಕ್ಕನ ಮುಂದೆ ಕಣ್ಣಿನ ಮಾತು ನಡೆಯುವುದಿಲ್ಲ. ಅಳತೆಗೆ ನಿಂತವರ ಮನಸ್ಸನ್ನೂ ಓದಿದವಳು. “ಕೊಡಿಲ್ಲಿ,” ಅಂದು ಮೊಬೈಲು ಕಿತ್ತುಕೊಂಡಳು. ಒಮ್ಮೆ ನೋಡಿದಳು. ಆಮೇಲೆ ಅವಳು ಕೇಳಿದ್ದು ತನ್ನ ಬಗ್ಗೆಯಲ್ಲ.

“ಅವರು ನೋಡಿರ್ತಾರಾ?”

ಯಾರು ಎಂದು ನಾವು ಕೇಳಲಿಲ್ಲ.

ಅಕ್ಕನ ಮಗಳು ಸಿಟ್ಟಿನಿಂದ ಅತ್ತಳು. “ಮಾವ, ಡಾಕ್ಟ್ರು ಹಾಳಾಗ್ಲಿ. ಈ ಕಿಸಕ್ ಯಾವನು ಅಂತ ಕಂಡುಹಿಡೀರಿ. ಅವನ ಬಾಯಿ ಹೊಲಿದುಬಿಡ್ತೀನಿ.”

“ಹೊಲೀಬೇಕಾದ್ದೇ,” ಅಂದೆ ನಾನು.

“ಅದಕ್ಕೆ ಅಳತೆನೂ ಬೇಡ,” ಅಂದಳು ಅಕ್ಕ.

ಮರುದಿನ ನಾನು ತಮ್ಮ ಕೊಠಡಿಗೆ ಬಂದೆ. ತಮಗೆ ನೆನಪಿರಬಹುದು, ಗಾಜಿನ ಮೇಜಿನ ಈಚೆ, ತಾವು ಕೂರಿ ಎನ್ನುವ ಮುಂಚೆಯೇ ಕೂತಿದ್ದಕ್ಕೆ ತಾವು ಹುಬ್ಬೇರಿಸಿದಿರಿ. ನನ್ನ ಅರ್ಜಿಯ ಮೊದಲ ಸಾಲು ಓದಿ, ಕನ್ನಡಕ ಒರೆಸಿಕೊಂಡು, “ಮುಖ ಎಲ್ಲಿ ಕಾಣುತ್ತೆ ತೋರಿಸಿ ನೋಡೋಣ,” ಅಂದಿರಿ. ಮುಖ ಕಾಣುವುದಿಲ್ಲ ಅಂದೆ. “ಮತ್ತೆ?” ಅಂದಿರಿ. ಆ ‘ಮತ್ತೆ’ಯನ್ನು ನಾನು ತರ್ಕಶಾಸ್ತ್ರದ ತರಗತಿಯಲ್ಲಿ ಉದಾಹರಣೆಯಾಗಿ ಬಳಸಬಹುದಿತ್ತು. ಮನುಷ್ಯ ಎಂದರೆ ಮುಖ, ಮುಖ ಮುಚ್ಚಿದೆ, ಆದ್ದರಿಂದ ಮನುಷ್ಯನೇ ಇಲ್ಲ. ಈ ತರ್ಕದ ಪ್ರಕಾರ ಮುಸುಕು ಹಾಕಿಕೊಂಡು ಬ್ಯಾಂಕಿಗೆ ನುಗ್ಗಿದವನು ಕಳ್ಳನಲ್ಲ, ಬರೀ ಮುಸುಕು.

ಆಮೇಲೆ ತಾವು ಶಸ್ತ್ರಚಿಕಿತ್ಸೆಗೆ ಮುಂಚೆ ಅಕ್ಕ ಸಹಿ ಮಾಡಿದ ಏಳು ಪುಟಗಳ ಕಾಗದ ತರಿಸಿ, ಹದಿನಾಲ್ಕನೇ ಕಲಮಿನ ಮೇಲೆ ಪೆನ್ನು ಕುಟ್ಟಿದಿರಿ. ‘ಶೈಕ್ಷಣಿಕ ಉದ್ದೇಶಕ್ಕಾಗಿ ಚಿತ್ರೀಕರಣ.’ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದವಳಿಗೆ ಆ ಕಲಮನ್ನು ಯಾರೂ ಓದಿ ಹೇಳಿರಲಿಲ್ಲ. ಇಲ್ಲಿ, ಇಲ್ಲಿ, ಇಲ್ಲಿ ಎಂದು ಬೆರಳು ತೋರಿಸಿದ್ದರು. ಇರಲಿ. ಶಿಕ್ಷಣವೆಂದೇ ಒಪ್ಪೋಣ. ಆ ಪಾಠ ಯಾವುದು? ‘ಬೊಂಯ್’ ಯಾವ ಅಧ್ಯಾಯದಲ್ಲಿ ಬರುತ್ತದೆ? ಎರಡೂವರೆ ಲಕ್ಷ ವಿದ್ಯಾರ್ಥಿಗಳ ಪೈಕಿ ಪಿತ್ತಕೋಶ ಎಲ್ಲಿದೆಯೆಂದು ಕಲಿತವರೆಷ್ಟು?

ಅಷ್ಟರಲ್ಲಿ ಆ ಕಿರಿಯ ವೈದ್ಯರನ್ನೂ ಕರೆಸಿದಿರಿ. ಚೆಲುವ ಹುಡುಗ. ಸ್ಟೆತಸ್ಕೋಪು ಮಾಲೆಯಂತೆ ಕೊರಳಲ್ಲಿ. ಕೋಟಿನ ಜೇಬಿನಿಂದ ಮೊಬೈಲು ಇಣುಕುತ್ತಿತ್ತು, ಅದರ ಕಣ್ಣು ನನ್ನ ಕಡೆಗೇ ಇತ್ತು. “ಅಂಕಲ್, ತುಂಬಾ ಸೀರಿಯಸ್ ಆಗಿ ತಗೋಬೇಡಿ. ಜನರಿಗೆ ಆಪರೇಷನ್ ಅಂದ್ರೆ ಭಯ. ನಗಿಸಿದ್ರೆ ಭಯ ಹೋಗುತ್ತೆ,” ಅಂದರು. “ಅಮ್ಮನ್ನ ಎಲ್ಲರೂ ‘ಎಷ್ಟು ಕ್ಯೂಟ್’ ಅಂತಿದ್ದಾರೆ. ಬೇಕಿದ್ರೆ ಕಾಮೆಂಟ್ಸ್ ತೋರಿಸ್ತೀನಿ.”

ಮಾನ್ಯರೇ, ಆ ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ತಾನು ಸೇವೆ ಮಾಡಿದ್ದೇನೆಂದೇ ಅವರಿಗೆ ನಂಬಿಕೆ. ಕೆಟ್ಟವರನ್ನಾದರೂ ಬೈಯಬಹುದು, ಲೈಕಿನ ಅಮಲಿನಲ್ಲಿರುವವರನ್ನು ಎಚ್ಚರವಾಗುವ ತನಕ ಯಾವ ಕೋಣೆಯಲ್ಲಿ ಮಲಗಿಸುತ್ತೀರಿ? ಹೊರಡುವಾಗ ಅಕ್ಕನ ಬಿಡುಗಡೆ ಚೀಟಿಯಲ್ಲಿದ್ದ ಮಾತ್ರೆಗಳ ಪಟ್ಟಿಯನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಹೋದೆ. “ಸಾರ್, ಇಲ್ಲಿ ಫೋಟೋ ತೆಗಿಯೋ ಹಾಗಿಲ್ಲ, ರೂಲ್ಸ್ ಇದೆ,” ಎಂದು ತಮ್ಮ ಕಾವಲುಗಾರ ಓಡಿಬಂದ. ಫಲಕವನ್ನು ಬಿಚ್ಚುವ ಯೋಚನೆ ನನಗೆ ಬಂದದ್ದು ಆಗ.

ಕ್ಯಾಷಿಯರ್ ನೋಡಿದ್ದರು. ಅವರ ಕೆಲಸದ ಜಾಗದವರೂ ನೋಡಿದ್ದರು. ‘ಕ್ಯಾಷಿಯರಮ್ಮ, ಹತ್ತಿ’ ಎಂದರೆ ಒಂದು ಸಣ್ಣ ಊರಿಗೆ ಮುಖ ಬೇಕೇ? ಅಕ್ಕ ಆಸ್ಪತ್ರೆಯಿಂದ ಬಂದು ಮತ್ತೆ ಅಂಗಡಿ ತೆರೆದ ಮೊದಲ ದಿನ ಅವರು ಬಂದರು. ನಾನು ಮೂಲೆಯಲ್ಲಿ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ, ಎದ್ದುಹೋಗಲು ನೋಡಿದೆ. “ಇರಲಿ ಬಿಡಿ, ಈಗ ಯಾರಿದ್ದರೇನು?” ಅಂದರು. ಆ ಮಾತು ಈಗಲೂ ಕಿವಿಯಲ್ಲಿದೆ.

“ನಿಮಗೊಬ್ಬರಿಗೇ ಗೊತ್ತಿತ್ತು ಅಕ್ಕಾ,” ಅಂದರು. “ನಮ್ಮೆಜಮಾನ್ರಿಗೂ ನಾನು ಪೂರ್ತಿ ತೋರಿಸಿಲ್ಲ.”

ಅಕ್ಕ ಸಮಜಾಯಿಷಿ ಹೇಳಲಿಲ್ಲ. ಮತ್ತಿನಲ್ಲಿದ್ದೆ ಅನ್ನಲಿಲ್ಲ, ಡಾಕ್ಟರು ಹೇಳಿಸಿದರು ಅನ್ನಲಿಲ್ಲ. ಅಳತೆ ಪುಸ್ತಕ ತೆಗೆದು, ಒಂದು ಪುಟ ಬಿಡಿಸಿ, ಕತ್ತರಿಯನ್ನು ಹಿಡಿಯ ಕಡೆಯಿಂದ ಅವರ ಕೈಗೆ ಕೊಟ್ಟಳು. “ನಿಮ್ಮದು. ನೀವೇ ತಗೊಂಡು ಹೋಗಿ,” ಅಂದಳು. ಆಕೆ ಪುಟ ಕತ್ತರಿಸಲಿಲ್ಲ. ಅದರ ತಲೆಯಲ್ಲಿದ್ದ ಮುತ್ತಿನ ಬಣ್ಣದ ಗುಂಡಿಯ ದಾರವನ್ನಷ್ಟೇ ಕತ್ತರಿಸಿ, ಗುಂಡಿಯನ್ನು ಮುಷ್ಟಿಯಲ್ಲಿಟ್ಟುಕೊಂಡರು.

ಬಾಗಿಲ ಹತ್ತಿರ ಅಕ್ಕ ಕೇಳಿದಳು: “ಆರು ತಿಂಗಳ ಚೆಕಪ್ಪು ಈ ತಿಂಗಳಲ್ವಾ? ಹೋಗಿದ್ರಾ?”

“ಅಲ್ಲಿಗಾ?” ಅಂದರು ಆಕೆ. “ಯಾರ ಜೇಬಲ್ಲಿ ಏನಿರುತ್ತೋ. ಇನ್ನು ಹೋಗಲ್ಲ.”

ಇದು ವಿಷಯ, ಅಧೀಕ್ಷಕರೇ. ಅಕ್ಕನ ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾದದ್ದು ಅವಳ ಪಾಡು, ಅವಳು ಗಟ್ಟಿ. ಆದರೆ ಆ ಕಾಯಿಲೆ ಮರಳಿದೆಯೋ ಇಲ್ಲವೋ ಎಂದು ನೋಡಿಸಿಕೊಳ್ಳಬೇಕಾದ ಹೆಣ್ಣುಮಗಳು ತಮ್ಮ ಬಾಗಿಲಿಗೆ ಬರಲು ಹೇಸುತ್ತಿದ್ದಾಳೆ. ಐವತ್ತೆರಡು ಸೆಕೆಂಡಿನ ನಗು ಆಕೆಯ ಪ್ರಾಣದ ಮೇಲೆ ಕೂತಿದೆ. ವೈದ್ಯರ ಮುಂದೆ ಜನ ಬಟ್ಟೆ ಬಿಚ್ಚುತ್ತಾರೆ, ಬಾಯಿ ಬಿಚ್ಚುತ್ತಾರೆ, ಗಂಡನಿಗೂ ಹೇಳದ್ದನ್ನು ಹೇಳುತ್ತಾರೆ. ಕೇಳಿಸಿಕೊಳ್ಳುವ ಕಿವಿ ಒಂದೇ ಎಂಬ ಧೈರ್ಯದ ಮೇಲೆ. ಆ ಕಿವಿಗೆ ಹನ್ನೆರಡು ಸಾವಿರ ಹಿಂಬಾಲಕರಿದ್ದಾರೆಂದು ಗೊತ್ತಾದರೆ ಯಾರು ಹೇಳುತ್ತಾರೆ ನಿಜ? ಕುಡಿಯುವುದಿಲ್ಲ ಡಾಕ್ಟ್ರೇ, ನೋವಿಲ್ಲ ಡಾಕ್ಟ್ರೇ, ಎಲ್ಲ ಸರಿಯಾಗಿದೆ ಡಾಕ್ಟ್ರೇ ಎನ್ನುತ್ತ ಜನ ಸಾಯುತ್ತಾರೆ. ಆಗ ತಾವು ಯಾವುದಕ್ಕೆ ಮದ್ದು ಕೊಡುತ್ತೀರಿ?

ವೈದ್ಯರು ಜಾಲತಾಣದ ಕಡೆ ತಲೆಹಾಕಲೇಬಾರದೆಂದು ನಾನು ಹೇಳುವುದಿಲ್ಲ. ತಮ್ಮಲ್ಲೇ ಮಕ್ಕಳ ವಿಭಾಗದ ಒಬ್ಬ ವೈದ್ಯೆ, ಮಗುವಿಗೆ ಬಿಸಿನೀರು ಬಿದ್ದರೆ ಮೊದಲ ಐದು ನಿಮಿಷದಲ್ಲಿ ಏನು ಮಾಡಬೇಕೆಂದು ಒಂದು ಪ್ಲಾಸ್ಟಿಕ್ ಗೊಂಬೆ ಇಟ್ಟುಕೊಂಡು ತೋರಿಸಿದ್ದಾರೆ. ಗೊಂಬೆ! ಮಗುವಲ್ಲ. ಅದನ್ನು ನೋಡಿದ್ದರಿಂದಲೇ ನಮ್ಮ ಪಕ್ಕದ ಮನೆಯವರು ಸುಟ್ಟ ಕೈಗೆ ಟೂತ್‌ಪೇಸ್ಟ್ ಹಚ್ಚದೆ ತಣ್ಣೀರು ಬಿಟ್ಟರು. ಅದಕ್ಕೆ ಮೆಚ್ಚುಗೆ ಎಷ್ಟು ಗೊತ್ತೇ? ನಲವತ್ತೊಂದು. ಅಂಥವರ ಹೆಸರನ್ನು ತಮ್ಮ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಹನ್ನೆರಡು ಸಾವಿರ ಹಿಂಬಾಲಕರ ಒಡೆಯರನ್ನು ವಾರ್ಷಿಕ ಸಮಾರಂಭದಲ್ಲಿ ‘ಆಸ್ಪತ್ರೆಯ ಹೊಸ ಮುಖ’ ಎಂದು ವೇದಿಕೆಗೆ ಕರೆದಿರಂತೆ. ಆ ಮುಖಕ್ಕೂ ಒಂದು ಸ್ಮೈಲಿ ಅಂಟಿಸಬೇಕಿತ್ತು.

ನಾನು ಕೇಳುವುದು ಇಷ್ಟು. ಆ ಪುಟದಲ್ಲಿರುವ ರೋಗಿಗಳ ವಿಡಿಯೋಗಳೆಲ್ಲ, ಅಕ್ಕನದು ಮಾತ್ರವಲ್ಲ, ಗಾರ್ಡಿನದೂ ಸೇರಿ, ಅಳಿಸಿಹೋಗಬೇಕು. ಆ ಕೋಣೆಗೆ ಹೋಗುವವರು, ತಾವೇ ಆದರೂ, ಮೊಬೈಲನ್ನು ಹೊರಗೆ ಬೀಗದೊಳಗಿಟ್ಟು ಹೋಗಬೇಕು. ಹದಿನಾಲ್ಕನೇ ಕಲಮನ್ನು ಏಳು ಪುಟಗಳ ಹೊಟ್ಟೆಯಿಂದ ಶಸ್ತ್ರಚಿಕಿತ್ಸೆ ಮಾಡಿ ಹೊರತೆಗೆದು, ಬೇರೆ ಹಾಳೆಯಲ್ಲಿ, ರೋಗಿ ಎಚ್ಚರವಾಗಿರುವಾಗ ಓದಿಹೇಳಿ ಕೇಳಬೇಕು. ತಮ್ಮ ಕಿರಿಯ ವೈದ್ಯರು ಅಕ್ಕನ ಅಂಗಡಿಗೆ ಬಂದು, ಕ್ಯಾಮೆರಾ ಇಲ್ಲದೆ, ಕ್ಷಮೆ ಕೇಳಬೇಕು. ಎಲ್ಲಕ್ಕಿಂತ ಮೊದಲು ತಾವು ಒಂದು ಕಾಗದ ಬರೆಯಬೇಕು. ಮೇಲೆ ಹೆಸರು ಬೇಡ. ಆ ತಪಾಸಣೆಯನ್ನು ಒಬ್ಬ ಹಿರಿಯ ವೈದ್ಯೆ ಮಾಡುತ್ತಾರೆ, ಕೋಣೆಯಲ್ಲಿ ಬೇರಾರೂ ಇರುವುದಿಲ್ಲ, ಇದಕ್ಕೆ ನಾನು ಹೊಣೆ ಎಂದು ಬರೆದು ಸಹಿ ಮಾಡಿ ಅಕ್ಕನಿಗೆ ಕೊಡಿ. ತಲುಪಬೇಕಾದವರಿಗೆ ಆಕೆ ತಲುಪಿಸುತ್ತಾಳೆ. ಬಾಯಿಬಿಡುವುದಿಲ್ಲ. ಇಷ್ಟಾದ ದಿನ ಫಲಕವನ್ನು ನಾನೇ ತಂದು, ನಾಲ್ಕು ಹೊಸ ತಿರುಪು ಹಾಕಿ ಕೂರಿಸಿಹೋಗುತ್ತೇನೆ.

ಪತ್ರ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

“ನಿನಗೆ ಬರೆಯೋಕೆ ಬರುತ್ತಲ್ಲ, ಬರಿ,” ಎಂದು ಅಕ್ಕನೇ ಹೇಳಿದ್ದಳು. “ತಮಾಷೆ ಬೇಡ. ಮತ್ತೆ ಆ ಕಿಸಕ್ ಯಾರು ಅಂತಲೂ ಕೇಳಿ ಬರಿ.” ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ಮೇಲೆ ಒಂದು ಕಡೆ ರೋಗಿಯನ್ನು ನೋಡಿ ನಕ್ಕವನಲ್ಲ, ಆ ಪುಟವನ್ನು ಮೊದಲು ಕಂಡವನಲ್ಲ ಎಂದು ಎದೆತಟ್ಟಿ ಬರೆದಿದ್ದೇನಲ್ಲ, ಆ ಪ್ಯಾರಾವನ್ನು ಮೂರು ಸಲ ಹೊಡೆದುಹಾಕಿ ಮೂರು ಸಲ ಮತ್ತೆ ಬರೆದೆ. ಅದು ಸುಳ್ಳು. ತಮ್ಮ ವೈದ್ಯರ ಹನ್ನೆರಡು ಸಾವಿರ ಹಿಂಬಾಲಕರಲ್ಲಿ ನಾನೊಬ್ಬ, ಎಂಟು ತಿಂಗಳಿಂದ. ಗಾರ್ಡಿನ ವಿಡಿಯೋವನ್ನು ಆರು ಸಲ ನೋಡಿದೆ. ಅಕ್ಕನಿಗೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಿಕೊಂಡು ಬಂದ ಸಂಜೆ, ಅವಳ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಅದರ ಕೆಳಗೆ ಆ ಒಂದು ಸಾಲು ಬರೆದೆ. ಎಷ್ಟು ಜನ ಮೆಚ್ಚಿದರೆಂದು ಹತ್ತು ನಿಮಿಷಕ್ಕೊಮ್ಮೆ ತೆಗೆದು ನೋಡಿದೆ. ಒಂಬೈನೂರು ಅಂದಾಗ ಜೋರಾಗಿ ನಕ್ಕಿದ್ದೆ. ಪರದೆಯ ಒಳಗಿನಿಂದ ಅಕ್ಕ, “ಏನೋ ಅದು, ನಮಗೂ ಹೇಳೋ,” ಅಂದಿದ್ದಳು. “ಏನಿಲ್ಲ ಬಿಡೇ,” ಅಂದಿದ್ದೆ.

ಅಕ್ಕ ಬಟ್ಟೆ ಕತ್ತರಿಸುವ ಮುಂಚೆ ಹಳೆಯ ಪತ್ರಿಕೆಯಲ್ಲಿ ಅಚ್ಚು ಕತ್ತರಿಸಿಕೊಳ್ಳುತ್ತಾಳೆ. ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಎರಡೂ ಮಗ್ಗುಲು ಓದಿದ ಮೇಲೆಯೇ ಕತ್ತರಿ ಹಾಕುವುದು. ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಇಂದಲ್ಲ ನಾಳೆ ಅದೂ ಆ ಮೇಜಿಗೆ ಬರುತ್ತದೆ. ಅವಳೆದುರು ನಿಂತು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಊರಿಗೆಲ್ಲ ಹೇಳಿ ಅವಳಿಗೆ ತಿಳಿಸುತ್ತಿದ್ದೇನೆ. ಅಲ್ಲಿಗೆ ತಮ್ಮ ವೈದ್ಯರಿಗೂ ನನಗೂ ವ್ಯತ್ಯಾಸವೇನು ಎಂದು ತಾವೂ ಕೇಳಬಹುದು.

ಇಂತಿ,
ಫಲಕದ ಕಳ್ಳ, ದರ್ಜಿಯ ತಮ್ಮ,
ಬಾಯಿ ಹೊಲಿಸಿಕೊಳ್ಳಲು ಅಂಗಡಿಯ ಬೆಂಚಿನ ಮೇಲೆ ಸರದಿಯಲ್ಲಿ ಕೂತಿರುವ
ಕಿಸಕ್